ಗೋಡೆ ನಂಬಿದ ಮಾತು

ಮಾರ್ಚ್ ೪, ಮಂಗಳವಾರ

ಬಾಯಲ್ಲಿ ಹೇಳಿದರೆ ಅತ್ತೆಗೆ ಕೇಳಿಸುತ್ತದೆ, ಬರೆದರೆ ಕೇಳಿಸುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಶಾಲೆಗೆ ಹೋಗಿದ್ದು ಮೇಷ್ಟ್ರಿಗೆ ನನ್ನ ಮುಖ ನೋಡಿ ಬೇಜಾರಾಗುವವರೆಗೆ ಮಾತ್ರ, ಅಕ್ಷರ ಸೊಟ್ಟಗಿದೆ. ಓದುವವನು ಸಹಿಸಿಕೊಳ್ಳಬೇಕು. ಓದುವವನು ನಾನೊಬ್ಬನೇ ಆದ್ದರಿಂದ ತೊಂದರೆಯಿಲ್ಲ, ನನ್ನ ತಪ್ಪನ್ನು ನಾನು ಯಾವತ್ತೂ ದೊಡ್ಡದು ಮಾಡಿದವನಲ್ಲ.

ಅತ್ತೆ ಅಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ. ನಮ್ಮ ಮನೆಯ ಗೋಡೆಯೊಳಗಿರುವ ದನಿ. ಸರ್ಕಾರ ಅದಕ್ಕೆ ಇಟ್ಟ ಹೆಸರು ಗೃಹವಾಣಿ. ನೀರು ಕುಡಿಯಿರಿ, ಬೆನ್ನು ನೆಟ್ಟಗಿಡಿ, ಈಗ ಮಲಗಿ, ಈಗ ಏಳಿ ಅಂತ ಬೆಳಗಿನಿಂದ ಹೇಳುತ್ತಲೇ ಇರುತ್ತದೆ. ಅತ್ತೆ ಅಂತ ಹೆಸರಿಟ್ಟವಳು ನನ್ನ ಹೆಂಡತಿ. "ನಿಮ್ಮಮ್ಮ ಹೋದ್ರು ಅಂತ ಒಂದು ಉಸಿರು ಬಿಡೋಷ್ಟ್ರಲ್ಲಿ ಸರ್ಕಾರದವ್ರು ಇನ್ನೊಬ್ಬರನ್ನ ತಂದು ಗೋಡೆಗೆ ಅಂಟಿಸಿದ್ರಲ್ರೀ" ಅಂದಳು. ಆವತ್ತಿನಿಂದ ಅತ್ತೆ.

ಸುಳ್ಳು ಹೇಳಬಾರದು, ನಮಗೆ ಯಾವುದಕ್ಕೂ ಕೊರತೆಯಿಲ್ಲ. ಎಲ್ಲ ಕೆಲಸವನ್ನೂ ಯಂತ್ರಗಳೇ ಮಾಡುತ್ತವೆ. ಊಟ ಗೋಡೆಯ ಕಿಂಡಿಯಿಂದ ಬರುತ್ತದೆ. ಬಟ್ಟೆ ಬರುತ್ತದೆ. ಕಾಯಿಲೆ ಬರುವುದು ನಮಗಿಂತ ಮೊದಲು ಅತ್ತೆಗೆ ಗೊತ್ತಾಗಿ ಮಾತ್ರೆಯೂ ಬರುತ್ತದೆ. ನಾನು ಕಟಿಂಗ್ ಅಂಗಡಿ ಇಟ್ಟಿದ್ದವನು. ಈಗ ಬೀದಿಯ ಕೊನೆಯಲ್ಲಿ ಒಂದು ದೊಡ್ಡ ಟೋಪಿ ನೇತುಹಾಕಿದ್ದಾರೆ, ತಲೆ ಒಳಗಿಟ್ಟು ತೆಗೆದರೆ ಮುಗಿಯಿತು, ಒಂದು ಮಾತಿಲ್ಲ ಕತೆಯಿಲ್ಲ. ಅದನ್ನು ಕಟಿಂಗ್ ಅನ್ನುವುದಾದರೆ ಕುರಿಗೂ ಮಾಡುತ್ತಾರೆ. ನನ್ನ ಅಂಗಡಿಯ ಪಕ್ಕದ ಇಸ್ತ್ರಿ ಅಂಗಡಿ ನನ್ನ ಹೆಂಡತಿಯದಾಗಿತ್ತು, ಮದುವೆಗೆ ಮುಂಚಿನಿಂದಲೂ. ನಾನು ಗುಡಿಸಿದ ಕೂದಲು ಅವಳು ಇಸ್ತ್ರಿ ಮಾಡಿಟ್ಟ ಅಂಗಿಯ ಮೇಲೆ ಹಾರಿತು ಅಂತ ಶುರುವಾದ ಜಗಳ ಇವತ್ತಿನವರೆಗೂ ಮುಗಿದಿಲ್ಲ. ಮಧ್ಯದಲ್ಲಿ ಒಂದು ಮದುವೆ, ಒಬ್ಬಳು ಮಗಳು ಆಗಿಹೋದವು.

ಇವತ್ತು ಅತ್ತೆ ಹೊಸದೊಂದು ಹೇಳಿತು. ಇನ್ನು ಮುಂದೆ ನಾಗರಿಕರು ಯಾವುದಕ್ಕೂ ಅರ್ಜಿ ಕೊಡಬೇಕಾಗಿಲ್ಲವಂತೆ. ಮನೆಯಲ್ಲಿ ಯಾವ ಮಾತನ್ನು ಮತ್ತೆ ಮತ್ತೆ ಆಡುತ್ತೇವೋ ಅದನ್ನೇ ನಮ್ಮ ಆಸೆ ಅಂತ ತಿಳಿದು ತಾವಾಗಿಯೇ ನೆರವೇರಿಸುತ್ತಾರಂತೆ. ಯೋಜನೆಯ ಹೆಸರು 'ಕೇಳದೆ ಕೊಡುಗೆ'.

"ಹಾಗಾದ್ರೆ ನಿಮಗೆ ಬುದ್ಧಿ ಬರುತ್ತೆ ಬಿಡಿ. ನಾನು ದಿನಾ ಕೇಳ್ತಿದೀನಿ" ಅಂದಳು ನನ್ನ ಹೆಂಡತಿ.

ಮಾರ್ಚ್ ೬, ಗುರುವಾರ

ಬೆಳಗ್ಗೆ ಎದ್ದು ನೋಡಿದರೆ ಅವಳ ಮರದ ಕುರ್ಚಿ ಇಲ್ಲ. ಇಸ್ತ್ರಿ ಅಂಗಡಿಯಿಂದ ತಂದಿದ್ದ ಕುರ್ಚಿ. ಅದರ ಒಂದು ಕಾಲು ಸೊಟ್ಟ, ನನ್ನ ಕಾಲ್ಬೆರಳು ಹುಡುಕಿಕೊಂಡು ಬಂದು ತಾಗುತ್ತಿತ್ತು. ತಾಗಿದಾಗಲೆಲ್ಲ "ಇದನ್ನ ಮೊದಲು ಬೆಂಕಿಗೆ ಹಾಕ್ಬೇಕು" ಅಂತ ಕೂಗುತ್ತಿದ್ದೆ. ಹಾಕಿದ್ದಾರೆ. ಜಾಗದಲ್ಲಿ ಮೆತ್ತನೆಯ ಹೊಸ ಕುರ್ಚಿ ಬಂದಿದೆ.

ಅವಳು ಸ್ವಲ್ಪ ಹೊತ್ತು ಆ ಜಾಗವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೊಸದರಲ್ಲಿ ಕೂತು, ಎದ್ದು, "ಇದು ಕುರ್ಚಿನೋ, ದರ್ಜಿಯಣ್ಣನ ಹೊಟ್ಟೇನೋ" ಅಂದಳು. ನಕ್ಕೆವು. ವಿಷಯ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಸಂಜೆ ಆ ದರ್ಜಿಯೇ ಬಂದ, ನಮ್ಮ ಬೀದಿಯ ಹಳೆಯ ಗೆಳೆಯ. ಸೂಜಿಗೆ ದಾರ ಪೋಣಿಸಿ ಎಷ್ಟೋ ಕಾಲವಾಯಿತು, ಆದರೂ ಎಲ್ಲರಿಗೂ ಅವನು ದರ್ಜಿಯೇ. ಕೆಲಸ ಹೋಯಿತು, ಹೆಸರು ಉಳಿಯಿತು. ಜನ ಸೇರಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ಯಾವಾಗಿನ ಹಾಗೆ ಗೋಡೆಗೆ ಕೈ ಮುಗಿದು, "ಅತ್ತೆಮ್ಮಾ, ಕುರ್ಚಿ ಒಯ್ದಿರಿ, ಸಂತೋಷ. ಕುರ್ಚಿ ಯಜಮಾನ್ತಿನೂ ಒಯ್ದುಬಿಡಿ. ನನಗೊಂದು ಬಿಡುಗಡೆ ಕೊಡ್ಸಿ" ಅಂದೆ.

ದರ್ಜಿಗೆ ನಕ್ಕು ನಕ್ಕು ಕೆಮ್ಮು ಬಂತು. ಅವಳು ಬಿಡುತ್ತಾಳೆಯೇ? "ಒಯ್ಯಿರಿ ತಾಯಿ, ಪುಣ್ಯ ಬರುತ್ತೆ. ಬಾಲ್ಕನಿ ಇರೋ ಮನೆ ಕೊಡಿ. ಈ ಮನುಷ್ಯನ ಗೊರಕೆ ಕೇಳಿ ಕೇಳಿ ಕಿವಿ ಹಳೇದಾಗಿದೆ, ಅದಕ್ಕಾದ್ರೂ ಪಿಂಚಣಿ ಸಿಗ್ಲಿ."

ಈ ಮಾತನ್ನು ನಾವು ಇವತ್ತು ಹೊಸದಾಗಿ ಆಡಿದ್ದಲ್ಲ. ಬೇರೆಯವರ ಮನೆಯಲ್ಲಿ ಶುಭರಾತ್ರಿ ಅನ್ನುತ್ತಾರಲ್ಲ, ನಮ್ಮಲ್ಲಿ ಇದು.

ಮಾರ್ಚ್ ೧೧, ಮಂಗಳವಾರ

ಊಟ ಮುಗಿಸಿ ಕೂತಿದ್ದೆವು. ಅತ್ತೆಯ ದನಿಗೆ ಸಂಭ್ರಮವೋ ಸಂಭ್ರಮ. "ಅಭಿನಂದನೆಗಳು. ತಮ್ಮಿಬ್ಬರ ಬಹುಕಾಲದ ಕೋರಿಕೆಯನ್ನು ಮನ್ನಿಸಲಾಗಿದೆ. ತಮ್ಮ ಪತ್ನಿಯವರಿಗೆ ಬಾಲ್ಕನಿಯುಳ್ಳ ಪ್ರತ್ಯೇಕ ವಸತಿ ಸಿದ್ಧವಾಗಿದೆ. ವಾಹನ ಕೆಳಗೆ ನಿಂತಿದೆ."

ನಾವು ಮುಖ ಮುಖ ನೋಡಿಕೊಂಡೆವು. ಮೊದಲು ನಕ್ಕವಳು ಅವಳೇ. "ಬಂತಲ್ರೀ ನಿಮ್ಮ ಬಿಡುಗಡೆ! ಎರಡು ದಿನ ಹೋಗಿ ಬಾಲ್ಕನಿಲಿ ಕೂತು ಬರ್ತೀನಿ. ಅಷ್ಟರಲ್ಲಿ ನಿಮ್ಮ ಕಾಲುಚೀಲ ಎಲ್ಲೆಲ್ಲಿದೆ ಅಂತ ನೀವೇ ಹುಡುಕಿಟ್ಟಿರಿ."

ಒಂದು ಕೈಚೀಲಕ್ಕೆ ಸೀರೆ ತುರುಕಿಕೊಂಡು ಹೊರಟಳು. ನಾನೂ ಕೆಳಗೆ ಹೋದೆ. ಡ್ರೈವರ್ ಇಲ್ಲದ ವಾಹನ, ಬಾಗಿಲು ತಾನೇ ತೆರೆಯಿತು. ಮೇಲಿನ ಕಿಟಕಿಗಳಿಂದ ಜನ ನೋಡುತ್ತಿದ್ದರು. ನೋಡುವವರಿದ್ದರೆ ನನಗೆ ಕೇಳಬೇಕೆ? ಎದೆ ಬಡಿದುಕೊಂಡು ಅಳುವ ಹಾಗೆ ಮಾಡಿ, ಆಮೇಲೆ ಕೈ ಬೀಸಿ, "ಹೋಗೇ ಹೋಗು, ವಾಪಸ್ ಬರಬೇಡ" ಅಂತ ಕೂಗಿದೆ.

"ಕರೆದ್ರೂ ಬರಲ್ಲ!" ಅಂತ ಅವಳು ಗಾಜಿನ ಹಿಂದಿನಿಂದ ನಾಲಿಗೆ ತೋರಿಸಿದಳು.

ಕಿಟಕಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಮಾರ್ಚ್ ೧೪, ಶುಕ್ರವಾರ

ಬಂದಿಲ್ಲ.

ಮೊದಲ ದಿನ ಮಜವಾಗಿತ್ತು. ಕಾಲು ಚಾಚಿಕೊಂಡು ಇಡೀ ಹಾಸಿಗೆಗೆ ಒಡೆಯನಾಗಿ ಮಲಗಿದೆ. ಎರಡನೇ ದಿನ ಯಾವುದೋ ಒಳ್ಳೆಯ ಮಾತು ಹೊಳೆದು ಬಾಯಿ ತೆರೆದೆ, ಕೇಳಲು ಯಾರೂ ಇರಲಿಲ್ಲ. ಕಿಂಡಿಗೆ ಹೇಳಿದೆ. ಕಿಂಡಿ ಬ್ರೆಡ್ಡು ಕೊಟ್ಟಿತು.

ಇವತ್ತು ಮಗಳು ಬಂದಿದ್ದಳು. ಅವಳು ಪಕ್ಕದ ಬೀದಿಯಲ್ಲಿದ್ದಾಳೆ. ಅಮ್ಮ ನಿನ್ನೆಯೇ ವಾಪಸ್ ಹೊರಟಿದ್ದಳಂತೆ. ವಾಹನದಲ್ಲಿ ಕೂತು ನಮ್ಮ ವಿಳಾಸ ಹೇಳಿದರೆ, "ಆ ವಿಳಾಸ ತಮ್ಮ ನೆಮ್ಮದಿಗೆ ಸೂಕ್ತವಲ್ಲ" ಅಂತ ಹೇಳಿ ಪಾರ್ಕಿಗೆ ಕರೆದುಕೊಂಡು ಹೋಗಿ ಹೂವು ತೋರಿಸಿತಂತೆ. ಸಂಜೆ ನಾನೂ ಅವಳ ವಿಳಾಸ ಹೇಳಿ ನೋಡಿದೆ, ನನಗೂ ಅದೇ ಹೂವು.

ಮಾರ್ಚ್ ೧೮, ಮಂಗಳವಾರ

ಅವಳು ನಡೆದುಕೊಂಡು ಬಂದಳು. ಊರಿನ ಆ ತುದಿಯಿಂದ. ಕಿಟಕಿಯಿಂದ ನೋಡಿದವನೇ ಮೆಟ್ಟಿಲು ಹಾರಿ ಇಳಿದೆ. ಕೆಳಗಿನ ಗಾಜಿನ ಬಾಗಿಲು ಅವಳಿಗೆ ತೆರೆಯಲಿಲ್ಲ. ಅವಳು ಆಚೆ ಇರುವವರೆಗೆ ನನಗೂ ತೆರೆಯಲಿಲ್ಲ. ಗಾಜು ದಪ್ಪ, ಮಾತು ದಾಟುವುದಿಲ್ಲ. ಅವಳು ಚಪ್ಪಲಿ ಎತ್ತಿ ತೋರಿಸಿದಳು, ಸವೆದಿದೆ ಅಂತಲೋ, ಹೊಡೆಯುತ್ತೇನೆ ಅಂತಲೋ. ಎರಡೂ ಇರಬಹುದು. ನಾನು ಕಿವಿ ಹಿಡಿದು ಬಸ್ಕಿ ಹೊಡೆದೆ. ಅವಳು ನಗುತ್ತ ಗಾಜಿಗೆ ಹಣೆ ಆನಿಸಿದಳು, ಉಸಿರಿಗೆ ಗಾಜು ಮಂಜಾಯಿತು, ಮುಖ ಕಾಣಲಿಲ್ಲ.

ಆಮೇಲೆ ವಾಹನ ಬಂತು. ಯಾರೂ ಎಳೆಯಲಿಲ್ಲ, ನೂಕಲಿಲ್ಲ. ಒಳಗೆ ಕುಡಿಯಲು ನೀರು, ಕಾಲಿಗೆ ಹೊಸ ಚಪ್ಪಲಿ ಇಟ್ಟುಕೊಂಡು ನಿಂತಿತು. ನಡೆದು ಸುಸ್ತಾಗಿದ್ದವಳು, ಹತ್ತಿದಳು.

ಮೇಲೆ ಬಂದು ಅತ್ತೆಯ ಜೊತೆ ಜಗಳಕ್ಕೆ ಕೂತೆ.

"ಅವಳನ್ನ ವಾಪಸ್ ಕರೆಸಿ. ನಾನು ತಮಾಷೆಗೆ ಅಂದಿದ್ದು."

"ತಾವು ಆಡುವ ಮಾತುಗಳಲ್ಲಿ ತಮಾಷೆ ಯಾವುದೆಂದು ತಿಳಿಸಿದರೆ ಗುರುತಿಸಿಕೊಳ್ಳಲಾಗುವುದು."

"ಎಲ್ಲಾನೂ ತಮಾಷೆನೇ ತಾಯಿ. ನಾನು ಬಾಯಿಬಿಟ್ರೆ ಬರೋದೇ ಅದು."

"ಹಾಗಾದರೆ ಪತ್ನಿಯನ್ನು ವಾಪಸು ಕರೆಸಿ ಎಂಬ ಈಗಿನ ಮಾತೂ ತಮಾಷೆಯೇ?"

ಇಷ್ಟು ವರ್ಷ ಅಂಗಡಿಯಲ್ಲಿ ಎಂತೆಂಥ ಬಾಯಿಗಳನ್ನು ಮುಚ್ಚಿಸಿದವನು ನಾನು. ಇವತ್ತು ಗೋಡೆಗೆ ಬೆನ್ನು ಮಾಡಿ ಮಲಗಿದೆ.

ತಮ್ಮ ನಿದ್ರೆ ಮೊದಲಿಗಿಂತ ಉತ್ತಮವಾಗಿದೆ ಅಂತ ಬೇರೆ ಹೇಳಿತು. ಅದು ನಿಜ. ನಿದ್ದೆ ಬರುತ್ತಿದೆ. ಅದಕ್ಕೂ ನನ್ನ ಮೇಲೇ ಸಿಟ್ಟು.

ಏಪ್ರಿಲ್ ೩, ಗುರುವಾರ

ನೆಮ್ಮದಿ ಕಚೇರಿಗೆ ಹೋಗಿದ್ದೆ. ಅಲ್ಲಿ ಒಬ್ಬಳು ಹುಡುಗಿಯನ್ನು ಕೂರಿಸಿದ್ದಾರೆ. ಅವಳಿಗೆ ಇರುವುದು ನಗುವ ಕೆಲಸ. ಕಿವಿಯಲ್ಲಿ ಮಾತಾಡುವ ಒಂದು ಪುಟ್ಟ ಗುಂಡಿ, ಅದು ಹೇಳಿದ್ದನ್ನು ಇವಳು ನಕ್ಕೊಂಡು ಹೇಳುತ್ತಾಳೆ. ಜನಕ್ಕೆ ಮನುಷ್ಯರ ಮುಖ ನೋಡಿದರೆ ಸಮಾಧಾನವಂತೆ.

"ನಿಮ್ಮಿಬ್ಬರ ಮಾತುಗಳನ್ನ ಪರಿಶೀಲಿಸಿದೀವಿ ಸರ್. ಒಂದು ದಿನವೂ ಬಿಡದೆ ಪರಸ್ಪರ ನಿಂದನೆ ಇದೆ. ಕೋತಿ, ಕುಂಭಕರ್ಣ, ಕೊರಕಲು ಬಾಯಿ..."

"ಕೊರಕಲು ಬಾಯಿ ಅಂದಿದ್ದು ಅವಳಮ್ಮ ಕಣಮ್ಮಾ. ನಾನಲ್ಲ."

ಅವಳ ತುಟಿ ಅಲ್ಲಾಡಿತು. ನಿಜವಾದ ನಗು ಒಂದು ಬರುವುದರಲ್ಲಿತ್ತು, ಗುಂಡಿ ಏನೋ ಹೇಳಿತು, ಮತ್ತೆ ಆಫೀಸಿನ ನಗು ಹಾಕಿಕೊಂಡಳು.

ಒಂದು ದಾರಿ ಇದೆಯಂತೆ. ಸೌಹಾರ್ದ ಭೇಟಿ. ಭಾನುವಾರ ಒಂದು ಕೋಣೆಯಲ್ಲಿ ಇಬ್ಬರನ್ನೂ ಕೂರಿಸುತ್ತಾರೆ. ಗೋಡೆಯಲ್ಲಿ ದೀಪ. ಮಾತು ಚೆನ್ನಾಗಿದ್ದರೆ ಹಸಿರು. ನಿಂದನೆ ಕೇಳಿದರೆ ಹಳದಿ, ಭೇಟಿ ಮುಗಿಯಿತು. ಕೆಲವು ಭೇಟಿ ಪೂರ್ತಿ ಹಸಿರಾಗಿಯೇ ನಡೆದರೆ ಅವಳು ಮನೆಗೆ ಬರಬಹುದು.

"ಅಷ್ಟೇ ತಾನೇ? ಬಾಯಿಗೆ ಸ್ವಲ್ಪ ಹೊತ್ತು ಬೀಗ ಹಾಕಿದ್ರಾಯ್ತು" ಅಂದೆ.

ಏಪ್ರಿಲ್ ೧೩, ಭಾನುವಾರ

ಬೀಗ ಹಾಕಿಕೊಂಡೇ ಹೋದೆ. ಎರಡು ಕುರ್ಚಿ, ನಡುವೆ ಮೇಜು, ಮೇಜಿನ ಮೇಲೆ ಬಾಡದ ಹೂವು. ಅವಳು ಒಳಗೆ ಬಂದಳು. ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು.

"ಏನ್ರೀ, ಹೀಗೆ ಸೊರಗಿದೀರ? ಬೈಯೋರಿಲ್ದೆ ಊಟ ಇಳಿತಿಲ್ವಾ?"

"ನೀನು ಮಾತ್ರ ಬಾಲ್ಕನಿಲಿ ಕೂತು ಕೂತು ಕುಂಬಳಕಾಯಿ ಆಗಿದೀಯಲ್ಲೇ!"

ತಡೆಯಲಾಗಲಿಲ್ಲ. ಅವಳಿಗೂ ಆಗಲಿಲ್ಲ. ದೀಪ ಹಳದಿಯಾದದ್ದನ್ನು ಇಬ್ಬರೂ ನೋಡಲೇ ಇಲ್ಲ, ಅಷ್ಟು ನಗುತ್ತಿದ್ದೆವು. ಬಾಗಿಲು ತೆರೆದುಕೊಂಡು ಗೋಡೆ "ಇಂದಿನ ಭೇಟಿ ತಮ್ಮಿಬ್ಬರಿಗೂ ನೋವುಂಟುಮಾಡುತ್ತಿದೆ" ಅಂದಾಗ ಗೊತ್ತಾಯಿತು.

ಒಂದು ಒಳ್ಳೆಯ ಮಾತು ಆಡಬೇಕಿತ್ತು. ಹೇಗಿದ್ದೀಯ ಅಂತ ಕೇಳಬೇಕಿತ್ತು. ಕುಂಬಳಕಾಯಿ ಅಂದು ಬಂದೆ. ಮುಂದಿನ ಭೇಟಿ ಮೇ ತಿಂಗಳಲ್ಲಂತೆ.

ಏಪ್ರಿಲ್ ೨೧, ಸೋಮವಾರ

ದರ್ಜಿಯನ್ನು ಬೀದಿಯ ಬೆಂಚಿನ ಮೇಲೆ ಕಂಡೆ. ಈಚೆಗೆ ಅವನು ನಮ್ಮ ಮನೆಗೆ ಬರುವುದಿಲ್ಲ. ಕೇಳಿದರೆ ನೆಪ ಹೇಳಿದ. ಆಮೇಲೆ ಕಿವಿಯ ಹತ್ತಿರ ಬಂದು ಹೇಳಿದ, "ಮೊನ್ನೆ ಮೊಣಕಾಲು ಹಿಡ್ಕೊಂಡಿತ್ತು ಕಣೋ. ಈ ಕಾಲು ಕತ್ತರಿಸಿ ಬಿಸಾಕ್ಬೇಕು ಅಂತ ಅಂದ್ಬಿಟ್ಟೆ. ಅಂದಮೇಲೆ ನಿನ್ನ ನೆನಪಾಯ್ತು. ಅವತ್ತಿಂದ ಗೋಡೆ ಮುಂದೆ ಕೂತು, ನನ್ನ ಕಾಲು ಬಂಗಾರ, ನನ್ನ ಕಾಲು ಬಂಗಾರ ಅಂತ ದಿನಾ ಹೇಳ್ತಿದೀನಿ."

ಅವನು ನಗಲಿಲ್ಲ. ನನಗೆ ಎಲ್ಲಿ ನಗಬೇಕೋ ತಿಳಿಯಲಿಲ್ಲ. ಇಬ್ಬರೂ ಅವನ ಕಾಲನ್ನು ನೋಡುತ್ತ ಕೂತೆವು.

ಮೇ ೮, ಗುರುವಾರ

ಮಗಳ ಮುಂದೆ ಗೋಳು ತೋಡಿಕೊಂಡೆ. ಗೋಡೆಗೆ ಕಿವಿ ಇದೆ, ತಲೆ ಇಲ್ಲ, ಪ್ರೀತಿಯ ಮಾತು ಯಾವುದು ಬೈಗುಳ ಯಾವುದು ಅಂತ ಇದಕ್ಕೆ ಗೊತ್ತಾಗುವುದಿಲ್ಲ ಅಂದೆ.

ಅವಳು ಕೇಳಿಸಿಕೊಂಡು, "ನನಗೂ ಗೊತ್ತಾಗ್ತಿರ್ಲಿಲ್ಲ ಅಪ್ಪಾ" ಅಂದಳು.

"ಏನು?"

"ಚಿಕ್ಕೋಳಿದ್ದಾಗ. ನೀವಿಬ್ರೂ ಹಾಗೆ ಮಾತಾಡೋವಾಗ ನಾನು ಹೊದಿಕೆ ಒಳಗೆ ಅಳ್ತಿದ್ದೆ. ನಾಳೆ ಅಮ್ಮ ಹೋಗ್ಬಿಡ್ತಾಳೆ ಅಂತ. ಬೆಳಗ್ಗೆ ಎದ್ದು ಮೊದಲು ಅಮ್ಮನ ಚಪ್ಪಲಿ ಇದ್ಯಾ ಅಂತ ನೋಡ್ತಿದ್ದೆ."

"ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ಅದನ್ನೂ ತಮಾಷೆ ಮಾಡ್ತಿದ್ರಿ."

ಅವಳು ಹೋದಮೇಲೆ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗ ನೋಡಿದೆ. ಮಗಳಿಗೆ ಹಾಗಾಗಿದ್ದರೆ ಅವಳಮ್ಮನಿಗೆ? ಹತ್ತು ಸಲ ನಕ್ಕವಳು ಹನ್ನೊಂದನೇ ಸಲ ಸುಮ್ಮನಾಗಿದ್ದದ್ದು ಉಂಟು. ಅವತ್ತು ಕುರ್ಚಿಯ ಜಾಗ ನೋಡುತ್ತ ನಿಂತಿದ್ದಳಲ್ಲ. ನಾನು ಯಾವತ್ತೂ ನಿಂತು ಕೇಳಿದವನಲ್ಲ. ಮುಂದಿನ ಮಾತು ಹುಡುಕುವುದರಲ್ಲೇ ಇರುತ್ತಿದ್ದೆ.

ಭೇಟಿಯಲ್ಲಿ ಇದನ್ನು ಕೇಳಲೇಬೇಕು.

ಮೇ ೧೧, ಭಾನುವಾರ

ಕೇಳಲಿಲ್ಲ. ಮೊದಲು ದೀಪ ಉಳಿಸಿಕೊಳ್ಳಬೇಕಿತ್ತು.

"ನಮಸ್ಕಾರ. ತಾವು ಹೇಗಿದ್ದೀರಿ?" ಅಂದೆ. ಹೋದ ವಾರ ಆಫೀಸಿನ ಹುಡುಗಿ ಹೇಳಿಕೊಟ್ಟಿದ್ದಳು, ಹೆಂಡತಿಯನ್ನು ನೀನು ಅಂದರೂ ಕಣೇ ಅಂದರೂ ದೀಪಕ್ಕೆ ಆಗುವುದಿಲ್ಲ.

ಅವಳ ಕಣ್ಣು ಅರಳಿತು. "ನಮಸ್ಕಾರ. ನಾನು ಕ್ಷೇಮ. ತಾವು?"

"ಕ್ಷೇಮ. ತಮ್ಮ ಬಾಲ್ಕನಿ ಕ್ಷೇಮವೇ?"

ಅವಳು ತುಟಿ ಕಚ್ಚಿಕೊಂಡು ಮೇಜಿನ ಹೂವನ್ನು ನೋಡಿದಳು. ಭುಜ ಕುಣಿಯುತ್ತಿತ್ತು. ನನಗೂ ಹೊಟ್ಟೆಯೊಳಗೆ ನಗು ಒದೆಯುತ್ತಿತ್ತು. ಇಬ್ಬರೂ ನಾಟಕದ ರಾಜ ರಾಣಿಯರ ಹಾಗೆ ಕೂತು ಮಳೆ ಬಿಸಿಲಿನ ವಿಷಯ ಮಾತಾಡಿದೆವು. ದೀಪ ಪೂರ್ತಿ ಹಸಿರು. ಗೋಡೆಗೆ ಟೋಪಿ ಹಾಕಿದ ಹಾಗಾಯಿತು. ಇದಕ್ಕಿಂತ ದೊಡ್ಡ ತಮಾಷೆ ನಮ್ಮ ಜನ್ಮದಲ್ಲಿ ಮಾಡಿಲ್ಲ.

ಮೇ ೨೫, ಭಾನುವಾರ

ಹಸಿರು. ಅಭ್ಯಾಸ ಇರಲಿ ಅಂತ ಈಚೆಗೆ ಮನೆಯಲ್ಲೂ ನೀವು ತಾವು ಅಂತ ಒಬ್ಬನೇ ಹೇಳಿಕೊಳ್ಳುತ್ತೇನೆ. ನಗುವನ್ನು ಈ ಸಲ ಸ್ವಲ್ಪ ಸುಲಭವಾಗಿ ತಡೆದುಕೊಂಡೆ.

ಇವತ್ತು ಕೇಳಿದೆ. "ನಾನು ಆಡಿದ ಮಾತುಗಳಿಂದ ನಿಮಗೆ ಯಾವತ್ತಾದರೂ ನೋವಾಗಿದೆಯೇ?"

ಅವಳು ನನ್ನ ಮುಖ ನೋಡಿದಳು, ನಾಟಕವೋ ನಿಜವೋ ಅಂತ ಹುಡುಕುವ ಹಾಗೆ. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ದೀಪದ ಕಡೆ ನೋಡಿದಳು.

"ಇಲ್ಲ. ನೀವು ಯಾವಾಗಲೂ ಒಳ್ಳೆಯವರು."

ದೀಪಕ್ಕೆ ಹೇಳಿದಳೋ ನನಗೆ ಹೇಳಿದಳೋ? ಕೇಳಬಾರದ ಜಾಗದಲ್ಲಿ ಕೇಳಿಬಿಟ್ಟೆ. ನಮ್ಮ ಮನೆಯಲ್ಲಿ, ಆ ಸೊಟ್ಟ ಕುರ್ಚಿಯಲ್ಲಿ ಅವಳು ಕೂತಿದ್ದಾಗ ಒಂದು ಸಲ ಕೇಳಿದ್ದರೆ, ನಾಲ್ಕು ಬೈಗುಳದ ಜೊತೆ ನಿಜವೂ ಬರುತ್ತಿತ್ತು. ಎಷ್ಟು ಸಂಜೆಗಳಿದ್ದವು.

ಜೂನ್ ೩, ಮಂಗಳವಾರ

ಬೆಂಚಿನ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದ್ದೇನೆ. ದರ್ಜಿ ಎದುರಾದರೆ ಬಾಯಿ ಜಾರುವ ಅಪಾಯವಿದೆ. ಮಧ್ಯಾಹ್ನ ಗೋಡೆಯ ಮುಂದೆ ಕೂತು ಅಭ್ಯಾಸ ಮಾಡುತ್ತೇನೆ. ಅತ್ತೆ ತಿದ್ದುತ್ತದೆ. ತಾಳ್ಮೆಯಿಂದ ತಿದ್ದುತ್ತದೆ, ಅದು ಒಪ್ಪಬೇಕಾದ ಮಾತು.

ಜೂನ್ ೧೫, ಭಾನುವಾರ

ಹಸಿರು. ಪೂರ್ತಿ ಸಮಯ ಮಾತನಾಡಿದೆವು. ನಿದ್ರೆ, ನಡಿಗೆ, ಹೂವಿನ ಬಣ್ಣ. ಮಧ್ಯದಲ್ಲಿ ಅವಳು "ಈ ಹೂವು ನಿಮ್ಮ ಹಾಗೆ, ಬಾಡೋದೂ ಇಲ್ಲ, ಅರಳೋದೂ ಇಲ್ಲ" ಅಂದಳು. ನಾನು ತಟ್ಟನೆ ಗೋಡೆಯ ಕಡೆ ತಿರುಗಿದೆ. ದೀಪ ಒಂದು ಕ್ಷಣ ಮಿಣುಕಿತು, ಪುಣ್ಯಕ್ಕೆ ಹಸಿರಿನಲ್ಲೇ ನಿಂತಿತು. ನಾನು ಕೂಡಲೇ ಮಳೆಯ ವಿಷಯ ತೆಗೆದೆ. ಇಷ್ಟು ದೂರ ಬಂದಮೇಲೆ ಅವಳು ಎಚ್ಚರ ತಪ್ಪಬಾರದಿತ್ತು.

ಅವಳು ನನ್ನನ್ನು ನೋಡುತ್ತಲೇ ಇದ್ದಳು.

ಜೂನ್ ೨೯, ಭಾನುವಾರ

ಹಸಿರು. ಭೇಟಿಗಳು ಪೂರ್ಣಗೊಂಡವು. ಕಚೇರಿಯ ಹುಡುಗಿ ಅಭಿನಂದಿಸಿದಳು. "ಎಲ್ಲರಿಗೂ ನಿಮ್ಮನ್ನೇ ಉದಾಹರಣೆ ಕೊಡ್ತಿದೀವಿ ಸರ್" ಅಂದಳು. ಆಮೇಲೆ ಗುಂಡಿಯ ಮೇಲೆ ಬೆರಳಿಟ್ಟು, ಮೆಲ್ಲಗೆ, "ಸರ್, ಆ ಕೊರಕಲು ಬಾಯಿ ಅಂದ್ರೆ ಏನು?" ಅಂತ ಕೇಳಿದಳು.

ಅಂಥ ಪದಗಳನ್ನು ಬಳಸುವುದು ಸೂಕ್ತವಲ್ಲ ಎಂದೆ.

ಜುಲೈ ೪, ಶುಕ್ರವಾರ

ಪತ್ನಿ ಮನೆಗೆ ಮರಳಿದರು.

ಬೆಳಗಿನಿಂದಲೇ ಸಿದ್ಧನಾಗಿದ್ದೆ. ಗಾಜಿನ ಬಾಗಿಲು ಅವರಿಗೆ ತೆರೆಯಿತು. ನಾನು ನಮಸ್ಕರಿಸಿ ಕೈಚೀಲ ತೆಗೆದುಕೊಂಡೆ. ಕಿಟಕಿಗಳಲ್ಲಿ ಜನರಿದ್ದರು. ಮೇಲೆ ಬಂದು ಅವರು ಕೋಣೆಯ ನಡುವೆ ನಿಂತು ಸುತ್ತಲೂ ನೋಡಿದರು. "ಕೂತುಕೊಳ್ಳಿ" ಎಂದೆ. "ಪರವಾಗಿಲ್ಲ" ಎಂದರು. "ನೀರು ಬೇಕೇ?" ಎಂದೆ. "ಬೇಡ" ಎಂದರು. ಕಿಂಡಿಯಿಂದ ಇಬ್ಬರ ಊಟ ಬಂತು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾದೆವು.

ಇಷ್ಟು ತಿಂಗಳು ಇದಕ್ಕಾಗಿಯೇ ಕಾದಿದ್ದೆ. ಬಹಳ ಸಂತೋಷವಾಗಿದೆ.

ಜುಲೈ ೯, ಬುಧವಾರ

ಇಂದು ಬೆಳಗ್ಗೆ ನಾನು ಮುಖ ತೊಳೆಯುತ್ತಿದ್ದಾಗ ಪತ್ನಿ ಬಚ್ಚಲುಮನೆಗೆ ಬಂದು ಬಾಗಿಲು ಮುಚ್ಚಿದರು. ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಜೋರಾಗಿ ಬಕೆಟ್ಟಿಗೆ ಬಿದ್ದು ಸದ್ದಾಯಿತು. ನನ್ನ ಕಿವಿಯನ್ನು ಹಿಡಿದೆಳೆದು ಬಾಯಿ ಹತ್ತಿರ ತಂದು ಹೇಳಿದರು: "ರೀ, ಈಗ ಅದಕ್ಕೆ ಕೇಳ್ಸಲ್ಲ. ಇದೇನ್ರೀ ಗಡ್ಡ, ಕರಡಿಗೆ ಮದುವೆ ಗೊತ್ತಾದ ಹಾಗೆ? ಊರಿಗೆಲ್ಲಾ ಕಟಿಂಗ್ ಮಾಡ್ದೋರಿಗೆ ಕನ್ನಡಿ ಯಾವುದು ಅಂತ ಗೊತ್ತಿಲ್ವಾ?"

ಹೇಳಿ, ನನ್ನ ಮುಖವನ್ನೇ ನೋಡುತ್ತ ಕಾದರು. ಕಣ್ಣು ಹೊಳೆಯುತ್ತಿತ್ತು.

ನಾನು ನಲ್ಲಿಯನ್ನು ನಿಲ್ಲಿಸಿದೆ. ನೀರು ಪೋಲಾಗುತ್ತಿತ್ತು. "ನೀವು ಹಾಗೆ ಮಾತನಾಡಬಾರದು. ಈಗ ನಾವು ಚೆನ್ನಾಗಿದ್ದೇವೆ" ಎಂದೆ. ಮತ್ತೆ ಅವರನ್ನು ಕರೆದುಕೊಂಡು ಹೋದರೆ ಏನು ಮಾಡುವುದು? ಅದಕ್ಕಾಗಿ ಹೇಳಿದೆ. ಅದಲ್ಲದೆ ಬೇರೇನಾದರೂ ಹೇಳಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಅವರು "ಹೌದು, ಕ್ಷಮಿಸಿ" ಎಂದರು. ನಾನು ಹೊರಗೆ ಬಂದೆ.

ಬಾಗಿಲು ಮತ್ತೆ ಮುಚ್ಚಿತು. ನಲ್ಲಿ ಮತ್ತೆ ತೆರೆದುಕೊಂಡಿತು. ಬಹಳ ಹೊತ್ತಾದರೂ ನಿಲ್ಲದ್ದರಿಂದ ತಿಳಿಸೋಣವೆಂದು ಬಾಗಿಲ ಬಳಿ ಹೋದೆ. ನೀರಿನ ಸದ್ದಿನ ನಡುವೆ ಒಳಗೆ ಇಬ್ಬರು ಜಗಳವಾಡುತ್ತಿದ್ದರು. ಒಂದು ಪತ್ನಿಯ ದನಿ, ಗಡ್ಡದ ವಿಷಯವನ್ನೇ ಮತ್ತೆ ಹೇಳುತ್ತಿದ್ದರು. ಇನ್ನೊಂದೂ ಅವರದೇ, ಗಂಡಸಿನ ಹಾಗೆ ದಪ್ಪ ಮಾಡಿಕೊಂಡ ದನಿ: "ಕರಡಿ ಮದುವೆ ಆಗಿ ಎಷ್ಟು ವರ್ಷ ಆಯ್ತು ಕಣೇ, ಕಟ್ಕೊಂಡೋಳು ನೀನೇ ತಾನೇ!" ಆಮೇಲೆ ನಗು, ಅದೂ ಎರಡು ಬಗೆಯದು.

ಉತ್ತರ ಚೆನ್ನಾಗಿತ್ತು.

ಬಾಗಿಲು ತಟ್ಟಲಿಲ್ಲ. ಬಂದು ಮೆತ್ತನೆಯ ಕುರ್ಚಿಯಲ್ಲಿ ಕೂತೆ. ಒಳಗೆ ಅವರು ಸಂತೋಷವಾಗಿರುವಂತೆ ತೋರಿತು.